ಕಂಠವೂ ಒಂದು ವಿದ್ಯೆಯಲ್ಲವೇ?

ಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಬೆಳವಣಿಗೆಯನ್ನು ಕುರಿತು ನಾಲ್ಕು ಮೆಚ್ಚುಗೆಯ ಮಾತುಗಳನ್ನು ಪೋಣಿಸಿ ಕಳುಹಿಸಿಬಿಡುವುದು ನನಗೆ ಸುಲಭವಾಗಿತ್ತು. ಆದರೆ ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯರು ಈ ಸಂಪುಟದಲ್ಲಿಯೇ ಇದ್ದಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಶಾಲೆಗಳಲ್ಲಿ ಕನ್ನಡವನ್ನು ಕಲಿಸಿ ನಿವೃತ್ತನಾದವನು ನಾನು. ಆದುದರಿಂದ ನನ್ನನ್ನು ಬಹುಕಾಲದಿಂದ ಕೊರೆಯುತ್ತಿರುವ ಒಂದು ವಿಷಯವನ್ನು ಶಿಕ್ಷಕ ಬಂಧುಗಳ ಮುಂದೆಯೂ ಹಳೆಯ ವಿದ್ಯಾರ್ಥಿಗಳ ಮುಂದೆಯೂ, ವಿಶೇಷವಾಗಿ ಉದಾರ ದಾನಿಗಳ ಮುಂದೆಯೂ ಇಡುವುದು ಉಚಿತವೆಂದು ತೋರಿತು. ಹಾಡನ್ನೇ ವೃತ್ತಿಯಾಗಿ ಮಾಡಿಕೊಂಡು ರಂಗದ ಮೇಲೆ ಬಾಳಬಹುದಾದ ಹೆಣ್ಣುಮಕ್ಕಳನ್ನು ನಮ್ಮ ಶಾಲೆಗಳು ಏನು ಮಾಡುತ್ತಿವೆ ಎಂಬುದೇ ಆ ವಿಷಯ.

ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳ ಕಂಠಕ್ಕೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು. ಬೆಳಗಿನ ಪ್ರಾರ್ಥನೆಗೆ ಅವರೇ ಬೇಕು. ಶಿಕ್ಷಣಾಧಿಕಾರಿಗಳು ಬಂದರೆ ಸ್ವಾಗತಗೀತೆಗೆ ಅವರೇ ಬೇಕು. ಪೂಜ್ಯ ಸ್ವಾಮಿಗಳವರು ಬಿಜಯಮಾಡಿಸಿದಾಗ ವಚನಗಾಯನಕ್ಕೆ ಅವರೇ. ವಾರ್ಷಿಕೋತ್ಸವ ಮುಗಿದ ಮೇಲೆ ಒಂದು ಸ್ಟೀಲಿನ ಲೋಟವನ್ನೋ ತಟ್ಟೆಯನ್ನೋ ಕೈಗಿತ್ತು ಕಳುಹಿಸುತ್ತೇವೆ. ಹತ್ತನೆಯ ತರಗತಿಗೆ ಬಂದೊಡನೆ, ‘ಹಾಡಿದ್ದು ಸಾಕು, ಇನ್ನು ಓದು’ ಎನ್ನುತ್ತೇವೆ. ಗಣಿತದಲ್ಲಿ ಚುರುಕಾದ ಹುಡುಗನಿಗೆ ‘ಲೆಕ್ಕ ಮಾಡಿದ್ದು ಸಾಕು’ ಎಂದು ಯಾವ ಶಿಕ್ಷಕನಾದರೂ ಹೇಳಿದ್ದುಂಟೇ? ಗಣಿತವು ವಿದ್ಯೆ, ಕಂಠವು ಅಲಂಕಾರ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ ಅದು ಒಂದು ಭಾವನೆಯೆಂಬುದೇ ನಮಗೆ ಮರೆತುಹೋಗಿದೆ.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಹೊನ್ನಾವರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಂಠವೆಂದರೆ ಅದು ಕಂಠ. ಮೇಲಿನ ಷಡ್ಜವನ್ನು ದಾಟಿ ಹೋಗುವಾಗಲೂ ಅವಳ ಕತ್ತಿನ ನರ ಉಬ್ಬುತ್ತಿರಲಿಲ್ಲ, ಹುಬ್ಬು ಗಂಟಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗಲೂ ಪ್ರಾರ್ಥನೆಯಲ್ಲಿ ಅವಳ ಧ್ವನಿ ಕೊನೆಯ ಸಾಲಿನವರೆಗೆ ಬಿಡಿಯಾಗಿ ಕೇಳುತ್ತಿತ್ತು. ಅವಳ ತಂದೆ ಒಂದು ದಿನ ಶಾಲೆಗೆ ಬಂದು, ‘ಮಾಸ್ತರೇ, ಇವಳಿಗೆ ಹಾಡು ಕಲಿಸೂಕೆ ಎಲ್ಲಾದರೂ ಕಳಿಸುವನಾ?’ ಎಂದು ಕೇಳಿದರು. ನಾನು ಲೋಕಜ್ಞನಂತೆ, ‘ಮೊದಲು ಎಸ್ಸೆಸ್ಸೆಲ್ಸಿ ಆಗಲಿ’ ಎಂದೆ. ಎಸ್ಸೆಸ್ಸೆಲ್ಸಿ ಆಯಿತು. ಹಾಡು ಆಗಲಿಲ್ಲ. ಕೆಲವು ವರ್ಷಗಳ ಹಿಂದೆ ಕುಮಟೆಯ ಬಸ್ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ತಾನಾಗಿ ಗುರುತು ಹಿಡಿದು ಮಾತನಾಡಿಸಿದಳು. ‘ಈಗಲೂ ಹಾಡುತ್ತೀಯಾ ಮಗಾ?’ ಎಂದು ಕೇಳಿದೆ. ‘ಇಲ್ಲ ಸರ್, ಮಗುವಿಗೂ ಮೊಬೈಲಿನಲ್ಲೇ ಹಾಡು ಹಾಕ್ತೆ’ ಎಂದು ನಕ್ಕಳು. ಆ ನಗೆಯಲ್ಲಿ ನನ್ನ ಮೇಲೆ ಯಾವ ಅಸಮಾಧಾನವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುತ್ತದೆ.

ಆ ಹುಡುಗಿಯಂಥ ಕಂಠಕ್ಕೆ ಪಶ್ಚಿಮದೇಶಗಳಲ್ಲಿ ಒಂದು ಹೆಸರಿದೆ: ಸೊಪ್ರಾನೊ. ಸ್ತ್ರೀಕಂಠಗಳಲ್ಲಿ ಅತ್ಯಂತ ಎತ್ತರದ ಸ್ಥಾಯಿಯಲ್ಲಿ ಸಹಜವಾಗಿ ಸಂಚರಿಸುವ ಕಂಠ ಅದು. ಅಲ್ಲಿ ಅಂಥ ಕಂಠವುಳ್ಳವರಿಗಾಗಿ ಆಪೆರಾ ಎಂಬ ಗೀತನಾಟಕವಿದೆ. ಪಾತ್ರಗಳೇ ಹಾಡುತ್ತವೆ, ದೊಡ್ಡ ವಾದ್ಯಮೇಳದ ನಾದವನ್ನು ಧ್ವನಿವರ್ಧಕದ ನೆರವಿಲ್ಲದೆ ದಾಟಿ, ನಾಟಕಶಾಲೆಯ ಕೊನೆಯ ಆಸನದವರೆಗೆ ಕಂಠವು ಮುಟ್ಟಬೇಕು. ಆ ಆಪೆರಾದಲ್ಲಿಯೂ ‘ಬೆಲ್ ಕಾಂಟೊ’ ಎಂಬುದೊಂದು ಮಾರ್ಗ. ಇಟಲಿಯ ಭಾಷೆಯಲ್ಲಿ ಅದರ ಅರ್ಥ ಸುಂದರ ಗಾನ ಎಂದಷ್ಟೇ. ಉಸಿರನ್ನು ಎಣ್ಣೆಯ ಧಾರೆಯಂತೆ ಮುರಿಯದೆ ನಡೆಸುವುದು, ಸ್ವರದಿಂದ ಸ್ವರಕ್ಕೆ ಸಂದು ಕಾಣದಂತೆ ಜಾರುವುದು, ದ್ರುತವಾದ ತಾನಗಳಲ್ಲಿಯೂ ಒಂದೊಂದು ಸ್ವರವನ್ನು ಬಿಡಿಮುತ್ತಿನಂತೆ ತೋರಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಕಿರುಚದಿರುವುದು ಈ ಮಾರ್ಗದ ಲಕ್ಷಣಗಳು. ರೊಸ್ಸೀನಿ, ಬೆಲ್ಲೀನಿ, ದೊನಿಜೆಟ್ಟಿ ಎಂಬ ಮೂವರು ಇಟಲಿಯ ಸಂಗೀತಗಾರರು 19ನೆಯ ಶತಮಾನದ ಮೊದಲ ಅರ್ಧದಲ್ಲಿ ಇದನ್ನು ಶಿಖರಕ್ಕೇರಿಸಿದರು. ಬೆಲ್ಲೀನಿಯ ‘ನಾರ್ಮಾ’ ಎಂಬ ಗೀತನಾಟಕ 1831ರ ಡಿಸೆಂಬರ್ 26ರಂದು ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲು ಪ್ರಯೋಗವಾದಾಗ ನಾಯಿಕೆಯಾಗಿ ಹಾಡಿದವಳು ಜ್ಯುದಿತ್ತಾ ಪಾಸ್ತಾ. ಅವಳ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕವಿಯೂ ಸಂಗೀತಗಾರನೂ ಆ ಪಾತ್ರವನ್ನು ರಚಿಸಿದರು.

ಅಲ್ಲಿಯೂ ಹೆಣ್ಣಿಗೆ ಈ ಸ್ಥಾನ ಸುಲಭವಾಗಿ ಬಂದುದಲ್ಲ. ರೋಮಿನಲ್ಲಿ 18ನೆಯ ಶತಮಾನದ ಕೊನೆಯವರೆಗೂ ಹೆಂಗಸರು ರಂಗವನ್ನೇರುವಂತಿರಲಿಲ್ಲ. ನಾಯಿಕೆಯ ಪಾತ್ರಗಳನ್ನು ಗಂಡಸರು ಹಾಡುತ್ತಿದ್ದರು. ಅದಕ್ಕಾಗಿ ಒಳ್ಳೆಯ ಕಂಠವುಳ್ಳ ಎಳೆಯ ಹುಡುಗರನ್ನು, ಹರೆಯದಲ್ಲಿ ಕಂಠ ಒಡೆಯದಂತೆ, ಶಸ್ತ್ರದಿಂದ ಷಂಡರನ್ನಾಗಿ ಮಾಡುವ ಅಮಾನುಷ ಪದ್ಧತಿಯೂ ಇಟಲಿಯಲ್ಲಿ ಇತ್ತು. ಮನೆಯಲ್ಲಿ ಹಾಡಬಲ್ಲ ಹೆಂಗಸು ಇರುವಾಗ ಅವಳನ್ನು ಒಳಗೆ ಕೂರಿಸಿ ಒಬ್ಬ ಹುಡುಗನ ಬಾಳನ್ನೇ ಕೆಡಿಸುವಷ್ಟು ದೂರ ಒಂದು ಸಮಾಜವು ಹೋಗಬಲ್ಲದೆಂದರೆ, ನಾವು ನಮ್ಮ ರೂಢಿಗಳನ್ನು ಕುರಿತೂ ಕ್ಷಣಕಾಲ ಯೋಚಿಸುವುದು ಒಳ್ಳೆಯದು.

ಈ ಮಾರ್ಗದ ಬಾಳು ಹೇಗಿರುತ್ತದೆಂಬುದಕ್ಕೆ ಜೋನ್ ಸದರ್‌ಲ್ಯಾಂಡ್ ಎಂಬಾಕೆಯ ಚರಿತ್ರೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1926ರ ನವೆಂಬರ್ 7ರಂದು ಜನನ. ಆರನೆಯ ವಯಸ್ಸಿನಲ್ಲಿ ಪಿತೃವಿಯೋಗ. ತಾಯಿ ಮನೆಯಲ್ಲಿಯೇ ಅಭ್ಯಾಸ ಮಾಡುತ್ತಿದ್ದ ಗಾಯಕಿ. ಪಿಯಾನೊದ ಪಕ್ಕದಲ್ಲಿ ಕುಳಿತು ಅವಳನ್ನು ಅನುಕರಿಸಿದ್ದೇ ಮಗಳ ಮೊದಲ ಪಾಠ. ಶಾಲೆ ಬಿಟ್ಟ ಮೇಲೆ ಟೈಪಿಂಗ್ ಕಲಿತು ಕಚೇರಿಯ ಕೆಲಸಕ್ಕೆ ಸೇರಿದಳು. 1950ರಲ್ಲಿ ಒಂದು ದೊಡ್ಡ ಗಾಯನಸ್ಪರ್ಧೆಯಲ್ಲಿ ಗೆದ್ದು, ಮರುವರ್ಷ ತಾಯಿಯೊಂದಿಗೆ ಲಂಡನ್ನಿಗೆ ಹೋದಳು. ಅಲ್ಲಿನ ಕಾವೆಂಟ್ ಗಾರ್ಡನ್ ರಂಗಮಂದಿರದವರು ಮೊದಲ ಪರೀಕ್ಷೆಗೇ ಅವಳನ್ನು ಸೇರಿಸಿಕೊಳ್ಳಲಿಲ್ಲ. 1952ರಲ್ಲಿ ಸೇರಿಸಿಕೊಂಡ ಮೇಲೆ ಕೊಟ್ಟದ್ದು ಸಣ್ಣ ಪಾತ್ರಗಳನ್ನು. ಆ ವರ್ಷದ ನವೆಂಬರಿನಲ್ಲಿ ಅದೇ ‘ನಾರ್ಮಾ’ ನಾಟಕದಲ್ಲಿ ಜಗದ್ವಿಖ್ಯಾತಳಾದ ಮರಿಯಾ ಕಲ್ಲಾಸ್ ನಾಯಿಕೆಯಾಗಿ ಹಾಡುತ್ತಿದ್ದಾಗ, ಅವಳ ಸಖಿಯ ಪಾತ್ರದಲ್ಲಿ ನಾಲ್ಕು ಸಾಲು ಹಾಡಿ ನಿಂತವಳು ಈ ಸದರ್‌ಲ್ಯಾಂಡ್.

ಅಲ್ಲಿಂದ ಮುಂದೆ ಏಳು ವರ್ಷ. ದಯವಿಟ್ಟು ಈ ಏಳನ್ನು ದಾನಿಗಳು ನೆನಪಿಟ್ಟುಕೊಳ್ಳಬೇಕು. ಏಳು ವರ್ಷ ಆ ಸಂಸ್ಥೆ ಅವಳಿಗೆ ಸಂಬಳ ಕೊಟ್ಟು, ಚಿಕ್ಕವೂ ದೊಡ್ಡವೂ ಆದ ಪಾತ್ರಗಳನ್ನು ಕೊಟ್ಟು, ಕಾಯಿತು. 1954ರಲ್ಲಿ ಅವಳು ಮದುವೆಯಾದ ರಿಚರ್ಡ್ ಬಾನಿಂಗ್ ಎಂಬ ಪಿಯಾನೊವಾದಕ, ‘ನಿನ್ನದು ಭಾರವಾದ ನಾಟಕಗಳಿಗೆ ಹೇಳಿದ ಕಂಠವಲ್ಲ; ಎತ್ತರದ, ಲಘುವಾದ ಸುಂದರ ಗಾನವೇ ನಿನ್ನ ದಾರಿ’ ಎಂದು ಪಟ್ಟುಹಿಡಿದ. ಅವಳಿಗೆ ನಂಬಿಕೆಯಿರಲಿಲ್ಲ. ಆತ ಅಭ್ಯಾಸ ಮಾಡಿಸುವಾಗ ಅವಳಿಗೆ ತಿಳಿಯದಂತೆ ಶ್ರುತಿಯನ್ನು ಏರಿಸಿ ಏರಿಸಿ ನುಡಿಸುತ್ತಿದ್ದನಂತೆ. ತಾನು ಎಷ್ಟು ಎತ್ತರಕ್ಕೆ ಹಾಡಿದೆನೆಂಬುದು ಹಾಡಿ ಮುಗಿಸಿದ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತಂತೆ. ಒಳ್ಳೆಯ ಗುರುವಿನ ವಂಚನೆಯೆಂದರೆ ಇದು! 1959ರ ಫೆಬ್ರವರಿ 17ರಂದು ದೊನಿಜೆಟ್ಟಿಯ ‘ಲೂಚಿಯಾ’ ನಾಟಕದ ನಾಯಿಕೆಯಾಗಿ, 80 ವರ್ಷದ ಹಿರಿಯ ನಿರ್ದೇಶಕ ತುಲ್ಲಿಯೊ ಸೆರಾಫಿನ್ನನ ವಾದ್ಯಮೇಳದೊಂದಿಗೆ ಅವಳು ಹಾಡಿದಳು. ಒಂದೇ ರಾತ್ರಿಯಲ್ಲಿ ಕೀರ್ತಿ ಬಂದಿತೆಂದು ಹೇಳುವುದು ವಾಡಿಕೆ. ಆ ಒಂದು ರಾತ್ರಿಯ ಹಿಂದೆ ತಾಯಿಯ ಪಿಯಾನೊದಿಂದ ಹಿಡಿದು ಇಪ್ಪತ್ತೈದು ವರ್ಷಗಳ ಅಭ್ಯಾಸವಿತ್ತು. ಆಗ ಅವಳ ವಯಸ್ಸು 32. ಮುಂದೆ 1990ರ ಅಕ್ಟೋಬರಿನಲ್ಲಿ ಸಿಡ್ನಿಯ ಆಪೆರಾ ಮಂದಿರದಲ್ಲಿ ತನ್ನ ಕೊನೆಯ ಸಂಪೂರ್ಣ ಪಾತ್ರವನ್ನು ಹಾಡುವವರೆಗೆ, ಮೂವತ್ತೊಂದು ವರ್ಷ, ಕಂಠ ಅವಳ ಕೈಬಿಡಲಿಲ್ಲ. 2010ರಲ್ಲಿ ತೀರಿಕೊಂಡಳು.

ಇಷ್ಟು ದೂರದ ಕಥೆ ನಮಗೇಕೆಂದು ಕೇಳುವವರಿದ್ದಾರೆ. ನಮ್ಮ ಹೊನ್ನಾವರದವರಿಗೆ ಗೀತನಾಟಕವೇನು ದೂರದ್ದೇ? 1842ರ ಸುಮಾರಿಗೆ ಕನ್ನಡನಾಡಿನ ಒಂದು ಭಾಗವತ ಮೇಳ ಸಾಂಗ್ಲಿಯ ಅರಸರ ಮುಂದೆ ಆಟವಾಡಿತು. ಅದನ್ನು ನೋಡಿ ಮೆಚ್ಚಿದ ಅರಸರ ಅಪ್ಪಣೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಆರಂಭವಾಯಿತೆಂದು ಮರಾಠಿಗರೇ ಒಪ್ಪುತ್ತಾರೆ. ಆ ಮೇಳ ನಮ್ಮ ಕರ್ಕಿಯದೆಂದು ಯಕ್ಷಗಾನದ ಇತಿಹಾಸವನ್ನು ಬರೆದವರು ಗುರುತಿಸಿದ್ದಾರೆ. ಕರ್ಕಿಯಿಂದ ಹೊರಟ ಹಾಡು ಸಾಂಗ್ಲಿಗೆ ಹೋಗಿ ನಾಟ್ಯಸಂಗೀತವಾಗಿ ಬೆಳೆದು, ಕುಂದಗೋಳದ ಸವಾಯಿ ಗಂಧರ್ವರಂಥವರ ಕಂಠದಲ್ಲಿ ಮತ್ತೆ ಕರ್ನಾಟಕಕ್ಕೆ ಬಂದಿತು. ಅವರೂ ಸ್ತ್ರೀಪಾತ್ರಗಳನ್ನು ಹಾಡಿಯೇ ಹೆಸರಾದವರೆಂಬುದನ್ನು ಇಲ್ಲಿ ಮರೆಯಬಾರದು.

ಯಕ್ಷಗಾನದಲ್ಲಿ ಪಾತ್ರಧಾರಿ ಹಾಡುವುದಿಲ್ಲ. ಎಲ್ಲರ ಪರವಾಗಿ ಭಾಗವತನೊಬ್ಬನೇ ಹಾಡುತ್ತಾನೆ. ಆ ದೃಷ್ಟಿಯಿಂದ ಅವನ ಹೊಣೆ ಆಪೆರಾದ ಗಾಯಕಿಗಿಂತ ಭಾರವಾದುದು. ಸೀತೆಯ ಶೋಕವೂ ರಾವಣನ ಗರ್ಜನೆಯೂ ಒಂದೇ ಗಂಟಲಿನಿಂದ ಬರಬೇಕು. ಚಂಡೆಯ ಅಬ್ಬರವನ್ನು ದಾಟಿ ಗದ್ದೆಯಾಚೆಯ ಮನೆಗೂ ಪದ್ಯದ ಅಕ್ಷರ ಕೇಳಬೇಕು. ಧ್ವನಿವರ್ಧಕ ಬರುವ ಮುಂಚೆ ಭಾಗವತರು ಅಷ್ಟು ಎತ್ತರದ ಶ್ರುತಿಯನ್ನು ಹಿಡಿಯುತ್ತಿದ್ದುದು ಈ ಕಾರಣಕ್ಕೇ. ಗಂಡಸಿನ ಕಂಠವನ್ನು ಹೆಣ್ಣುಕಂಠದ ಎಲ್ಲೆಯವರೆಗೆ ಎಳೆದು ಹಾಡಿದ ಕಲೆ ಇದು. ನಮ್ಮ ಮೂರು ತಾಲೂಕುಗಳಿಗೆ ಈ ವಿಷಯದಲ್ಲಿ ಯಾರ ಹಂಗೂ ಇಲ್ಲ. ಹೊನ್ನಾವರದ ಕಡತೋಕದಿಂದ ಮಂಜುನಾಥ ಭಾಗವತರು ಬಂದರು. ಘಟ್ಟದ ಮೇಲಿನ ನೆಬ್ಬೂರಿನಿಂದ ಬಂದ ನಾರಾಯಣ ಭಾಗವತರು ಕೆರೆಮನೆ ಮೇಳದಲ್ಲಿ ದಶಕಗಳ ಕಾಲ ಹಾಡಿ 2019ರಲ್ಲಿ ಕಣ್ಮರೆಯಾದರು. ಕುಮಟೆಯ ಕಡಲತಡಿಯ ಧಾರೇಶ್ವರದ ಹೆಸರನ್ನು ಹೊತ್ತ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ ಮನೆಮಾತಾಗಿದ್ದವರು, 2024ರ ಏಪ್ರಿಲ್ 25ರಂದು ಅಗಲಿದರು. ಭಟ್ಕಳದ ಗದ್ದೆಗಳಲ್ಲಿ, ಮುರ್ಡೇಶ್ವರದ ಬಯಲಿನಲ್ಲಿ ಇವರ ಹಾಡಿಗೆ ಬೆಳಗಿನವರೆಗೆ ಕುಳಿತವರು ಈ ಸಂಪುಟದ ಓದುಗರಲ್ಲಿ ಎಷ್ಟು ಜನವಿಲ್ಲ!

ಈ ಹೆಸರುಗಳನ್ನೆಲ್ಲ ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ. ಅವುಗಳಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲವೆಂಬುದು ಬಹುಕಾಲ ನನ್ನ ಗಮನಕ್ಕೇ ಬಂದಿರಲಿಲ್ಲ. ಅದನ್ನು ನನ್ನ ಗಮನಕ್ಕೆ ತಂದವರು ತೆಂಕಣ ಸೀಮೆಯ ಲೀಲಾವತಿ ಬೈಪಾಡಿತ್ತಾಯರು.

ಕಾಸರಗೋಡಿನ ಬಳಿಯ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಈ ತಾಯಿ, ಶಾಸ್ತ್ರೀಯ ಸಂಗೀತವನ್ನು ಕಲಿತಿದ್ದವರು. ಮದುವೆಯಾದ ಮೇಲೆ ಪತಿ ಹರಿನಾರಾಯಣ ಬೈಪಾಡಿತ್ತಾಯರೇ ಗುರುವಾದರು. ಅವರು ಹಿಮ್ಮೇಳದ ಕಲಾವಿದರು. ಸದರ್‌ಲ್ಯಾಂಡ್–ಬಾನಿಂಗರ ದಾಂಪತ್ಯವನ್ನು ಓದಿದಾಗಲೆಲ್ಲ ನನಗೆ ಈ ದಂಪತಿಗಳ ನೆನಪಾಗುತ್ತದೆ. ಇಬ್ಬರು ಗಂಡಂದಿರೂ ಹೆಂಡತಿಯ ಕಂಠದಲ್ಲಿ ಅವಳಿಗೇ ಕಾಣದಿದ್ದುದನ್ನು ಕಂಡವರು, ಕಂಡುದನ್ನು ಮನೆಯ ನಾಲ್ಕು ಗೋಡೆಯೊಳಗೆ ಇಟ್ಟುಕೊಳ್ಳದೆ ರಂಗಕ್ಕೆ ತಂದವರು. ಆದರೆ ಹಾಡು ಬಂದರೆ ಭಾಗವತಿಕೆ ಬಂದಂತಾಗಲಿಲ್ಲ. ಭಾಗವತರೆಂದರೆ ಮೊದಲನೆಯ ವೇಷ ಎಂಬ ಮಾತುಂಟು. ಜಾಗಟೆಯನ್ನು ಕೈಯಲ್ಲಿ ಹಿಡಿದು ಇಡೀ ಆಟವನ್ನು ನಡೆಸಬೇಕು. ಯಾವ ವೇಷ ಯಾವಾಗ ಪ್ರವೇಶ, ಎಲ್ಲಿ ಪದ್ಯವನ್ನು ಏರಿಸಬೇಕು, ಎಲ್ಲಿ ವೇಷಧಾರಿಯ ಮಾತು ಬೆಳೆದು ಆಟ ಸೊರಗುತ್ತಿದೆ, ಎಲ್ಲಿ ಕುಣಿತಕ್ಕೆ ಅವಕಾಶ ಬಿಡಬೇಕು, ಇವೆಲ್ಲ ಆ ಒಂದು ಪೀಠದ ತೀರ್ಮಾನ. ತಾನೇ ಪಾಂಡಿತ್ಯದ ಮೂರ್ತಿಯೆಂದು ತಿಳಿದ ಹಿರಿಯ ವೇಷಧಾರಿಗೆ ‘ಇಲ್ಲಿಗೆ ಸಾಕು’ ಎಂದು ಜಾಗಟೆಯ ಒಂದು ಪೆಟ್ಟಿನಿಂದ ತಿಳಿಸುವ ಅಧಿಕಾರ ಅದಕ್ಕಿದೆ. ಆ ಪೀಠದಲ್ಲಿ ಒಬ್ಬ ಹೆಂಗಸು ಕುಳಿತರು. ಹವ್ಯಾಸಕ್ಕಾಗಿ ಒಂದು ಸಂಜೆಯಲ್ಲ. ತಿರುಗಾಟದ ಮೇಳಗಳಲ್ಲಿ, ಊರಿಂದೂರಿಗೆ, ರಾತ್ರಿಯಿಂದ ಬೆಳಗಿನವರೆಗೆ, ಸಂಬಳದ ವೃತ್ತಿಯಾಗಿ. ತೆಂಕುತಿಟ್ಟಿನ ಮೊದಲ ವೃತ್ತಿನಿರತ ಮಹಿಳಾ ಭಾಗವತರೆಂದು ನಾಡು ಅವರನ್ನು ಗುರುತಿಸಿತು. ತಿರುಗಾಟವನ್ನು ಬಿಟ್ಟ ಮೇಲೆ ಶಿಷ್ಯರನ್ನು ಸಿದ್ಧಪಡಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಡೇರೆಯ ಹಿಂದಿನ ಚೌಕಿಯನ್ನು ನೋಡಿದವರಿಗೆ ಈ ಬಾಳಿನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಎಲ್ಲ ವ್ಯವಸ್ಥೆಯೂ ಗಂಡಸರಿಗೆಂದು ಮಾಡಿದ್ದು. ಹಗಲಿನ ನಿದ್ರೆಗೆ ಸ್ಥಳವಿಲ್ಲ, ಸ್ನಾನಕ್ಕೆ ಮರೆಯಿಲ್ಲ, ರಾತ್ರಿಯ ಇಬ್ಬನಿಗೆ ಗಂಟಲು ಕಟ್ಟಿದರೂ ಮರುರಾತ್ರಿ ಹಾಡಲೇಬೇಕು. ಗಂಡಸರ ಹಿಮ್ಮೇಳಕ್ಕೆ ಹೊಂದಿಸಿಟ್ಟ ಚಂಡೆ ಮದ್ದಳೆಗಳ ಶ್ರುತಿ ಹೆಣ್ಣುಕಂಠಕ್ಕೆ ಹೊಂದದಿದ್ದರೆ, ವಾದ್ಯವನ್ನು ಸರಿಪಡಿಸುವುದಕ್ಕಿಂತ ಕಂಠವನ್ನು ದೂರುವುದು ಸುಲಭ. ಇಷ್ಟರ ನಡುವೆ ಅವರು ಹಾಡಿದರೆಂಬುದು ದೊಡ್ಡದು. ಆದರೆ ಪತಿಯೇ ಗುರುವಾಗಿ, ಅದೇ ಮೇಳದ ಹಿಮ್ಮೇಳದಲ್ಲಿ ಜೊತೆಗೆ ಕುಳಿತದ್ದರಿಂದಲೇ ಅದು ಸಾಧ್ಯವಾಯಿತಲ್ಲವೇ? ಎಲ್ಲ ಹುಡುಗಿಯರಿಗೂ ಅಂಥ ಪತಿ ಸಿಗಲಾರ. ಸಿಗಲೇಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಗಂಡ ಒಳ್ಳೆಯವನಾದರೆ ಮಾತ್ರ ವಿದ್ಯೆ ಉಳಿಯುತ್ತದೆ ಎಂಬ ಸ್ಥಿತಿಯಲ್ಲಿ ನಾವು ಗಣಿತವನ್ನಾಗಲಿ ವೈದ್ಯವನ್ನಾಗಲಿ ಬಿಟ್ಟಿಲ್ಲ. ಅದಕ್ಕಾಗಿಯೇ ಶಾಲೆಗಳನ್ನು ಕಟ್ಟಿದ್ದೇವೆ.

ಗಂಗೂಬಾಯಿ ಹಾನಗಲ್ಲರ ಹೆಸರನ್ನು ಇಲ್ಲಿ ಹೇಳದಿದ್ದರೆ ಲೇಖನ ಅಪೂರ್ಣವಾದೀತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಸ್ವಾಗತಗೀತೆಯನ್ನು ಹಾಡಿದ ಬಾಲಕಿಯರಲ್ಲಿ ಅವರೂ ಒಬ್ಬರು. ಆಗ 11 ವರ್ಷ. ಅವರ ಕಥೆ ಆ ಸ್ವಾಗತಗೀತೆಗೇ ಮುಗಿಯಲಿಲ್ಲವೆಂಬುದಷ್ಟೇ ನನ್ನ ಹುಡುಗಿಗೂ ಅವರಿಗೂ ಇರುವ ವ್ಯತ್ಯಾಸ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲ ಬೇನೆ ಮತ್ತು ಅದರ ಚಿಕಿತ್ಸೆಯ ನಂತರ ಅವರ ಎಳೆಯ ಕಂಠ ಹೋಗಿ ಗಂಡುಧ್ವನಿಯಂಥ ಗಂಭೀರ ಕಂಠ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಹಾಡನ್ನು ಬಿಡುತ್ತಿದ್ದರು. ಅವರು ಆ ಕಂಠವನ್ನೇ ಹೊಸದಾಗಿ ಕಲಿತರು. 2002ರಲ್ಲಿ ಪದ್ಮವಿಭೂಷಣರಾದರು, 2009ರಲ್ಲಿ ತೀರಿಕೊಳ್ಳುವವರೆಗೆ ಹುಬ್ಬಳ್ಳಿಯ ಹೆಸರನ್ನು ಎತ್ತಿಹಿಡಿದರು. ಕಂಠ ದೇವರು ಕೊಟ್ಟದ್ದು, ಅದರಲ್ಲಿ ಕಲಿಯುವುದೇನಿದೆ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕೆಂದು ಭಾವಿಸುತ್ತೇನೆ.

ಇನ್ನು ಆಕ್ಷೇಪಗಳ ಮಾತು. ಹಾಡಿನಿಂದ ಹೊಟ್ಟೆ ತುಂಬೀತೇ ಎಂದು ಪಾಲಕರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಎಲ್ಲರೂ ಸದರ್‌ಲ್ಯಾಂಡ್ ಆಗುವುದಿಲ್ಲ, ಎಲ್ಲರೂ ಗಂಗೂಬಾಯಿಯೂ ಆಗುವುದಿಲ್ಲ. ಆದರೆ ವಿಜ್ಞಾನ ಓದಿದವರೆಲ್ಲ ವಿಜ್ಞಾನಿಗಳಾಗುತ್ತಾರೆಯೇ? ಕಲಿತ ಕಂಠಕ್ಕೆ ಇಂದು ಸಂಗೀತ ಪಾಠ, ಆಕಾಶವಾಣಿ, ಧ್ವನಿಮುದ್ರಣ, ತಾಳಮದ್ದಳೆಯ ವೇದಿಕೆ, ರಂಗತಂಡಗಳು ಹೀಗೆ ಹಿಂದಿಗಿಂತ ಹೆಚ್ಚು ದಾರಿಗಳಿವೆ. ತೆಂಕಿನಲ್ಲಿಯೂ ಬಡಗಿನಲ್ಲಿಯೂ ಭಾಗವತಿಕೆ ಮಾಡುವ ತರುಣಿಯರು ಇಂದು ಇದ್ದಾರೆ. ಕಾಲಮಿತಿಯ ಪ್ರದರ್ಶನಗಳು ಬಂದು ರಾತ್ರಿಯಿಡೀ ಹಾಡುವ ಕಷ್ಟವೂ ತಗ್ಗಿದೆ. ಮರ್ಯಾದೆಯ ಪ್ರಶ್ನೆಯನ್ನು ಎತ್ತುವವರಿಗೆ ನಾನು ಉತ್ತರ ಕೊಡಲಾರೆ. ಅವರ ಮನೆಯ ಮದುವೆಗೆ ಹಾಡುವವರನ್ನು ಕರೆಸುವಾಗ ಅವರೇ ಯೋಚಿಸಲಿ.

ಮಠವೊಂದು ನಡೆಸುವ ವಿದ್ಯಾಸಂಸ್ಥೆಗೆ ಸಂಗೀತದ ಉಸಾಬರಿ ಏಕೆಂಬ ಪ್ರಶ್ನೆಯಂತೂ ಏಳುವ ಹಾಗೆಯೇ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಕಣ್ಣ ಮುಂದೆಯೇ ಇದೆ. ಹಾನಗಲ್ಲ ಕುಮಾರ ಸ್ವಾಮಿಗಳವರ ಆಶ್ರಯದಲ್ಲಿ ಬೆಳೆದ ಅಂಧಗಾಯಕ ಪಂಚಾಕ್ಷರ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಕ್ಕಿ ಹಾಡನ್ನು ಕಲಿಸಿದರು. ಖರ್ಚಿಗೆ ದಾರಿಯಿಲ್ಲದಾಗ ನಾಟಕದ ಕಂಪನಿಯನ್ನೇ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆಯನ್ನು ಹೊತ್ತರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಗುರುಕುಲದಲ್ಲಿ ಬೆಳೆದವರು. ನಮ್ಮ ತಾಲೂಕಿನಲ್ಲಿಯೇ, ಗುಣವಂತೆಯಲ್ಲಿ, ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಯಕ್ಷಗಾನಕ್ಕಾಗಿ ಶ್ರೀಮಯ ಶಿಕ್ಷಣ ಕೇಂದ್ರವನ್ನು ತೆರೆದರು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಬೆನ್ನಿಗೆ ಒಂದು ಶಾಲೆಯೂ ಬೇಕೆಂದು ಅವರಿಗೆ ತೋರಿತು. ಮೇಳವಿದ್ದರೆ ಸಾಲದು, ಮೇಳಕ್ಕೆ ಬರುವ ಮೊದಲು ತಪ್ಪು ಮಾಡುತ್ತ ಕಲಿಯುವುದಕ್ಕೆ ಒಂದು ಸ್ಥಳ ಬೇಕೆಂಬ ತಿಳಿವಳಿಕೆ ಅದು.

ದಾನಿಗಳಲ್ಲಿ ನನ್ನ ಬಿನ್ನಹ ಇಷ್ಟು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಭಾಗದ ಶಾಲೆಗಳಿಗೆಲ್ಲ ಸಭಾಭವನಗಳು ಬಂದಿವೆ. ಅಮೃತಶಿಲೆಯ ಫಲಕದ ಮೇಲೆ ಹೆಸರುಗಳಿವೆ. ಧ್ವನಿವರ್ಧಕಗಳು ದುಬಾರಿಯವು. ಆ ವೇದಿಕೆಯ ಮೇಲೆ ನಿಂತು ಹಾಡುವ ಹುಡುಗಿಗೆ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿಕೊಡುವವರು ಮಾತ್ರ ಯಾರೂ ಇಲ್ಲ. ಮೊಬೈಲಿನಲ್ಲಿ ಸಿನಿಮಾ ಹಾಡಿನ ವಾದ್ಯವನ್ನು ಹಾಕಿ, ಅದರ ಶ್ರುತಿ ಅವಳ ಕಂಠಕ್ಕೆ ಒಪ್ಪುತ್ತದೆಯೋ ಇಲ್ಲವೋ ನೋಡದೆ, ಅದಕ್ಕೆ ತಕ್ಕಂತೆ ಕಿರುಚಿಸುತ್ತೇವೆ. ನೂರು ಮಕ್ಕಳ ಪ್ರಾರ್ಥನೆಯಲ್ಲಿ ಮುಂದಾಳಾದ ಹುಡುಗಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಬೇಕೆಂದು ಒತ್ತಾಯಿಸಿ ಹದಿನಾಲ್ಕನೆಯ ವಯಸ್ಸಿಗೇ ಅವಳ ಗಂಟಲು ಒರಟಾದುದನ್ನು ನಾನೇ ಕಂಡಿದ್ದೇನೆ. ಆ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಕಂಠವೂ ಬದಲಾಗುತ್ತದೆ. ಗಂಡುಮಕ್ಕಳದರಷ್ಟು ಎದ್ದು ಕಾಣದ ಕಾರಣ ನಾವು ಗಮನಿಸುವುದಿಲ್ಲ, ಅಷ್ಟೇ.

ಇನ್ನೊಂದು ಸಭಾಭವನದ ಬದಲು ಒಬ್ಬ ಸಂಗೀತ ಶಿಕ್ಷಕಿಯ ಸಂಬಳವನ್ನು ಕೊಡಿ. ಒಂದು ವರ್ಷಕ್ಕಲ್ಲ, ಏಳು ವರ್ಷಕ್ಕೆ. ಐದನೆಯ ತರಗತಿಗೆ ಬಂದ ಹುಡುಗಿ ಪದವಿಪೂರ್ವ ತರಗತಿಯನ್ನು ಮುಗಿಸುವ ಹೊತ್ತಿಗೆ ಅಷ್ಟೇ ಕಾಲವಾಗುತ್ತದೆಂದು ಲೆಕ್ಕ ಹಾಕಿ, ಸ್ವಲ್ಪ ಹೆಚ್ಚುಕಡಿಮೆಯಾದರೆ ಆಗಲಿ ಎಂದು ಹೇಳುತ್ತಿದ್ದೇನೆ. ಆ ಶಿಕ್ಷಕಿಗೆ ಸ್ವಾಗತಗೀತೆಯ ಹೊಣೆಯನ್ನು ಹೊರಿಸಬೇಡಿ. ವರ್ಷಕ್ಕೆ ಎಷ್ಟು ಬಹುಮಾನ ಬಂತೆಂದು ಕೇಳಬೇಡಿ. ಬೆಳಿಗ್ಗೆ ಒಂದು ಗಂಟೆ, ಷಡ್ಜ ಹಿಡಿದು ನಿಲ್ಲಿಸುವುದನ್ನು ಕಲಿಸಲಿ. ಶಾಸ್ತ್ರೀಯವೋ ಭಾಗವತಿಕೆಯೋ ವಚನಗಾಯನವೋ, ಆಮೇಲೆ ಮಗು ತಾನೇ ಆರಿಸಿಕೊಳ್ಳುತ್ತದೆ. ಶಿಕ್ಷಕ ಬಂಧುಗಳು ಹತ್ತನೆಯ ತರಗತಿಯಲ್ಲಿ ಆ ಒಂದು ಗಂಟೆಯನ್ನು ಗಣಿತಕ್ಕೆಂದು ಕಸಿದುಕೊಳ್ಳದಿದ್ದರೆ ಸಾಕು. ಈ ಕೊನೆಯ ಮಾತು ದಾನಿಗಳಿಂದ ಆಗುವಂಥದಲ್ಲ, ನಮ್ಮಿಂದಲೇ ಆಗಬೇಕಾದುದು.

ಮುಖ್ಯೋಪಾಧ್ಯಾಯರೊಂದಿಗೆ ಈ ಬಗ್ಗೆ ಮಾತನಾಡಿದ್ದೇನೆ. ವಿದ್ಯಾರ್ಥಿನಿಲಯದ ಹಿಂಬದಿಯ ಹಳೆಯ ಉಗ್ರಾಣದ ಕೋಣೆಯನ್ನು ಬಿಡಿಸಿಕೊಡಲು ಅವರು ಒಪ್ಪಿದ್ದಾರೆ. ಮರದ ಮುಚ್ಚಿಗೆಯ ಕೋಣೆಯಾದ್ದರಿಂದ ಧ್ವನಿ ಕರ್ಕಶವಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚನ್ನು ಒಮ್ಮೆ ನೋಡಿಸಬೇಕು. ನನ್ನ ಮನೆಯಲ್ಲಿ ತಂದೆಯವರ ಕಾಲದ ಒಂದು ಹಾರ್ಮೋನಿಯಂ ಇದೆ. ಎರಡು ಮನೆಗಳಲ್ಲಿ ಧ್ವನಿ ಹೊರಡುವುದಿಲ್ಲ, ತಿದಿಯಲ್ಲಿ ಗಾಳಿ ಸೋರುತ್ತದೆ. ಅದನ್ನು ರಿಪೇರಿಗೆ ಕೊಟ್ಟಿದ್ದೇನೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ವೇಳೆಗೆ ತಂದು ಒಪ್ಪಿಸುತ್ತೇನೆ.